ಗೋಡೆಯ ಹಿಂದೆ ಒಂದು ಬೆರಳು ಜಾಗ: ವ್ಯಾಂಕೂವರ್‌ನ ಸೋರುವ ಮನೆಗಳ ಕಥೆ

(ಇತಿಹಾಸ ಪಾಡ್‌ಕಾಸ್ಟ್‌ನ ಈ ಕಂತಿನ ಬರಹ ರೂಪ)

ಇವತ್ತಿನ ಕಂತಿನಲ್ಲಿ ರಾಜ ಇಲ್ಲ, ಯುದ್ಧ ಇಲ್ಲ. ಇರೋದು ಒಂದು ಹೊರಗೋಡೆ. ಸಾಲ ಮಾಡಿ ಕೊಂಡ ಮನೆಯ ಗೋಡೆ ಹತ್ತೇ ವರ್ಷದಲ್ಲಿ ಒಳಗಿಂದೊಳಗೇ ಕೊಳೆತು ಹೋದರೆ ತಪ್ಪು ಯಾರದು, ದುಡ್ಡು ಯಾರು ಕೊಡಬೇಕು? ಈ ಪ್ರಶ್ನೆ ಒಂದು ಇಡೀ ಪ್ರಾಂತ್ಯದ ಸರ್ಕಾರವನ್ನ ನಿದ್ದೆಗೆಡಿಸಿತ್ತು.

ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ನಗರ. 1990ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿನ ಬಡಾವಣೆಗಳಲ್ಲಿ ಮೂರು-ನಾಲ್ಕು ಮಹಡಿಯ ಕಟ್ಟಡಗಳು ಮೈತುಂಬ ಸಾರುವೆ ಕಟ್ಟಿಸಿಕೊಂಡು, ನೀಲಿ ಟಾರ್ಪಾಲು ಹೊದ್ದು ನಿಂತಿದ್ದವು. ನೋಡಿದವರು ಹೊಸ ಕಟ್ಟಡ ಏಳ್ತಾ ಇದೆ ಅಂದುಕೊಳ್ಳಬೇಕು. ಆದರೆ ಅವು ಕಟ್ಟಿ ಐದು, ಎಂಟು, ಹತ್ತು ವರ್ಷ ಆಗಿದ್ದ ಮನೆಗಳು. ಟಾರ್ಪಾಲಿನ ಒಳಗೆ ಕೆಲಸಗಾರರು ಗಿಲಾವು ಕಿತ್ತರೆ ಹಿಂದಿನ ಹಲಗೆ ಕೈಗೆ ಪುಡಿಪುಡಿಯಾಗಿ ಬರ್ತಿತ್ತು. ಹೊರಗಿಂದ ನೋಡಿದರೆ ಬಣ್ಣ ಚೆನ್ನಾಗೇ ಇದೆ, ಒಳಗಿನ ಕಂಬ ಮಾತ್ರ ಕುಂಬಾಗಿದೆ. ಅಲ್ಲಿನ ಪತ್ರಿಕೆಗಳು ಇದಕ್ಕೆ 'ಲೀಕಿ ಕಾಂಡೊ' ಬಿಕ್ಕಟ್ಟು ಅಂತ ಹೆಸರಿಟ್ಟವು. ಕಾಂಡೊ ಅಂದರೆ ನಮ್ಮ ಅಪಾರ್ಟ್‌ಮೆಂಟಿನ ಫ್ಲ್ಯಾಟ್ ಇದ್ದ ಹಾಗೆ. ಒಟ್ಟು ನಷ್ಟದ ಅಂದಾಜು 400 ಕೋಟಿ ಕೆನಡಾ ಡಾಲರ್‌ವರೆಗೂ ಹೋಗಿದೆ.

ಇದು ಅರ್ಥ ಆಗಬೇಕಾದರೆ ಅಲ್ಲಿನ ಗೋಡೆ ಏನು ಅಂತ ಮೊದಲು ತಿಳೀಬೇಕು. ನಮ್ಮಲ್ಲಿ ಗೋಡೆ ಅಂದರೆ ಇಟ್ಟಿಗೆ, ಕಲ್ಲು, ಸಿಮೆಂಟ್ ಬ್ಲಾಕು. ಇಡೀ ಗೋಡೆ ಒಂದೇ ಗಟ್ಟಿ ವಸ್ತು. ಒದ್ದೆಯಾದರೂ ಬಿಸಿಲಿಗೆ ಒಣಗುತ್ತೆ, ಬಣ್ಣ ಎದ್ದರೆ ಮತ್ತೆ ಹೊಡೆಸ್ತೀವಿ. ಉತ್ತರ ಅಮೆರಿಕದ ಮನೆ ಮರದ ಹಂದರ. ಗೇಣಿಗಿಂತ ಕಡಿಮೆ ದಪ್ಪದ ಕಂಬಗಳ ಸಾಲು, ಕಂಬಗಳ ನಡುವೆ ಚಳಿ ತಡೆಯೋಕೆ ಗಾಜಿನ ಉಣ್ಣೆ, ಒಳಗಡೆ ಜಿಪ್ಸಮ್ ಹಲಗೆ, ಹೊರಗಡೆ ಪ್ಲೈವುಡ್‌ನಂಥ ಹಲಗೆ, ಅದರ ಮೇಲೆ ಡಾಂಬರು ಕಾಗದ. ಎಲ್ಲದರ ಹೊರಗೆ ಮಳೆಗೆ ಮೈಯೊಡ್ಡೋದು ಸೈಡಿಂಗ್. ಮರದ ಪಟ್ಟಿ ಇರಬಹುದು, ತಗಡು, ಪ್ಲಾಸ್ಟಿಕ್ಕು, ಸಿಮೆಂಟ್ ಹಲಗೆ, ಇಲ್ಲಾ ಜಾಲಿ ಬಡಿದು ಮೆತ್ತಿದ ಸಿಮೆಂಟ್ ಗಾರೆ ಇರಬಹುದು. ಈ ಗಾರೆಗೆ ಅವರು ಸ್ಟಕ್ಕೊ ಅಂತಾರೆ. ಸೈಡಿಂಗ್ ಅಂದರೆ ಗೋಡೆಗೆ ತೊಡಿಸಿದ ಅಂಗಿ ಅಂತಿಟ್ಟುಕೊಳ್ಳಿ.

ಈ ಅಂಗಿಗೆ ದೊಡ್ಡ ಚರಿತ್ರೆಯೇ ಇದೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ಈಶಾನ್ಯ ತೀರಕ್ಕೆ ಬಂದು ನೆಲೆಸಿದವರು ಸೀಳಿದ ಮರದ ಪಟ್ಟಿಗಳನ್ನ ಅಡ್ಡಡ್ಡ, ಒಂದರ ಮೇಲೊಂದು ಸ್ವಲ್ಪ ಹೊದೆಯುವ ಹಾಗೆ ಬಡಿದರು. ನಮ್ಮ ಹೆಂಚಿನ ಲೆಕ್ಕಾಚಾರವೇ. ಆ ಮನೆಗಳಲ್ಲಿ ಸಂದು ಬೇಕಾದಷ್ಟಿತ್ತು. ಚಳಿಗಾಳಿ ನುಗ್ತಿತ್ತು, ಒಂದಿಷ್ಟು ನೀರೂ ನುಗ್ತಿತ್ತು. ಆದರೆ ಗೋಡೆಯ ಒಳಗೆ ಉಣ್ಣೆ ಇಲ್ಲ, ಪ್ಲಾಸ್ಟಿಕ್ ಹಾಳೆ ಇಲ್ಲ. ಒಲೆಯ ಬಿಸಿ ಗೋಡೆಯ ಮೂಲಕ ಹೊರಗೆ ಹೋಗ್ತಾ ಹೋಗ್ತಾ ಮರವನ್ನ ಒಣಗಿಸಿಬಿಡ್ತಿತ್ತು. ಸೌದೆ ದಂಡ ಆಯ್ತು, ಮನೆ ಉಳೀತು. ಇನ್ನೂರು-ಮುನ್ನೂರು ವರ್ಷದ ಮರದ ಮನೆಗಳು ಅಲ್ಲಿ ಇವತ್ತಿಗೂ ನಿಂತಿವೆ ಅಂದರೆ ಒಂದು ಕಾರಣ ಈ ದಂಡ.

20ನೇ ಶತಮಾನ ಬಂತು, ಅಂಗಡಿಯ ಸರಕು ಬಂತು. ಆಸ್ಟ್ರಿಯಾದ ಲುಡ್‌ವಿಗ್ ಹಾಟ್‌ಶೆಕ್ 1900ರ ಸುಮಾರಿಗೆ ಕಲ್ನಾರು ಮತ್ತು ಸಿಮೆಂಟ್ ಬೆರೆಸಿ ತೆಳುವಾದ ಹಾಳೆ ಮಾಡೋ ವಿಧಾನ ಕಂಡುಹಿಡಿದ. ನಮ್ಮೂರಿನ ಆಸ್‌ಬೆಸ್ಟಾಸ್ ಶೀಟಿನ ಮೂಲಪುರುಷ ಅವನೇ. ಅಮೆರಿಕದಲ್ಲಿ ಅದನ್ನ ಹೊರಗೋಡೆಗೂ ಬಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಮಾನದ ಕಾರ್ಖಾನೆಗಳಿಗೆ ಹೋಗ್ತಿದ್ದ ಅಲ್ಯೂಮಿನಿಯಂ ಮನೆಗಳ ಗೋಡೆಗೆ ಬಂತು. ಆಮೇಲೆ ವಿನೈಲ್, ಅಂದರೆ ನಮ್ಮ ಪಿವಿಸಿ ಪೈಪಿನ ಜಾತಿಯ ಪ್ಲಾಸ್ಟಿಕ್ಕು. ಎಲ್ಲರ ಜಾಹೀರಾತೂ ಒಂದೇ ರಾಗ: ಇನ್ನು ಬಣ್ಣ ಹೊಡೆಸೋದೇ ಬೇಡ. ಈ ಸೈಡಿಂಗ್ ಮಾರಾಟಗಾರರ ಮಾತಿನ ಮೋಡಿ ಎಷ್ಟು ಕುಖ್ಯಾತ ಅಂದರೆ ಬ್ಯಾರಿ ಲೆವಿನ್ಸನ್ 1987ರಲ್ಲಿ 'ಟಿನ್ ಮೆನ್' ಅಂತ ಸಿನಿಮಾನೇ ಮಾಡಿದರು. ಬಾಲ್ಟಿಮೋರ್‌ನ ಅಲ್ಯೂಮಿನಿಯಂ ಸೈಡಿಂಗ್ ಮಾರುವವರ ಕಥೆ. ನಗು ಬರುತ್ತೆ, ನೋಡಿ.

ಗಮನಿಸಬೇಕಾದ್ದು ಏನಂದರೆ, ಈ ಎಲ್ಲಾ ಗದ್ದಲದಲ್ಲಿ ಮಾತು ನಡೆದದ್ದು ಅಂಗಿಯ ಬಟ್ಟೆ ಬಗ್ಗೆ. ಅಂಗಿಯ ಒಳಗಿನ ಮೈ ಬದಲಾಗ್ತಾ ಇತ್ತು, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸಬೇಕು ಅಂತ ಗೋಡೆಯೊಳಗೆ ಉಣ್ಣೆ ದಪ್ಪ ಆಯ್ತು. ಮನೆಯೊಳಗಿನ ಹಸಿ ಗಾಳಿ ಗೋಡೆಗೆ ಹೋಗಬಾರದು ಅಂತ ಒಳಬದಿಗೆ ಪಾಲಿಥಿನ್ ಹಾಳೆ ಬಂತು. ಗಟ್ಟಿ ಹಲಗೆಯ ಜಾಗಕ್ಕೆ ಪ್ಲೈವುಡ್, ಅದರ ಜಾಗಕ್ಕೆ ಮರದ ಚಕ್ಕೆಗಳನ್ನ ಅಂಟು ಹಾಕಿ ಒತ್ತಿದ ಒಎಸ್‌ಬಿ ಹಲಗೆ ಬಂತು. ಗೋಡೆ ಬೆಚ್ಚಗಾಯ್ತು, ಸರಿ. ಆದರೆ ಒಳಗೆ ಹೋದ ನೀರು ಒಣಗೋ ದಾರಿಗಳು ಒಂದೊಂದಾಗಿ ಮುಚ್ಚಿಹೋದವು.

ಈಗ ಮತ್ತೆ ವ್ಯಾಂಕೂವರ್‌ಗೆ ಬರೋಣ. 1986ರಲ್ಲಿ ಅಲ್ಲಿ ಎಕ್ಸ್‌ಪೋ 86 ಅನ್ನೋ ವಿಶ್ವ ಪ್ರದರ್ಶನ ನಡೀತು. ಊರಿನ ಹೆಸರು ಜಗತ್ತಿಗೆ ಕೇಳಿಸಿತು, ಜನ ಬಂದರು, ಜಾಗದ ಬೆಲೆ ಏರಿತು, ಕಟ್ಟಡಗಳು ಸಾಲುಸಾಲಾಗಿ ಎದ್ದವು. ಆಗಿನ ಫ್ಯಾಷನ್ನು ಕ್ಯಾಲಿಫೋರ್ನಿಯಾ ಮತ್ತು ಮೆಡಿಟರೇನಿಯನ್ ತೀರದ್ದು. ತಿಳಿಬಣ್ಣದ ನಯವಾದ ಗಾರೆ ಗೋಡೆ, ಕಮಾನು, ತೆರೆದ ಬಾಲ್ಕನಿ, ಚಪ್ಪಟೆ ತಲೆ, ಮುಖ್ಯವಾಗಿ ಸೂರು ಇಲ್ಲ. ಲಾಸ್ ಏಂಜಲೀಸ್‌ನಲ್ಲಿ ಬೀಳೋ ಮಳೆಗೆ ಅದು ಸರಿ. ವ್ಯಾಂಕೂವರ್‌ನಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಆಕಾಶ ಸೋರ್ತಾನೇ ಇರುತ್ತೆ.

ಹಾಗಂತ ಅಲ್ಲಿ ಭಾರೀ ಮಳೆ ಅಂದುಕೊಳ್ಳಬೇಡಿ. ವರ್ಷಕ್ಕೆ ಸುಮಾರು 1,200 ಮಿಲಿಮೀಟರ್. ಬೆಂಗಳೂರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಮಂಗಳೂರಿನಲ್ಲಿ ಅದರ ಮೂರು ಪಟ್ಟು ಸುರಿಯುತ್ತೆ. ವ್ಯತ್ಯಾಸ ಇರೋದು ಮಳೆಯ ರೀತಿಯಲ್ಲಿ. ಅಲ್ಲಿ ಮಳೆಗಾಲ ಅಂದರೆ ಚಳಿಗಾಲ. ಸಣ್ಣಗೆ ಜಿನುಗುತ್ತೆ, ಗಾಳಿ ಅದನ್ನ ಗೋಡೆಗೆ ಎರಚುತ್ತೆ, ನಡುವೆ ಬಿಸಿಲು ಬಂದು ಒಣಗಿಸೋ ಮಾತೇ ಇಲ್ಲ. ಒಮ್ಮೆ ಒದ್ದೆಯಾದ ಮರ ತಿಂಗಳುಗಟ್ಟಲೆ ಒದ್ದೆಯಾಗೇ ಇರುತ್ತೆ. ಮರದ ತೂಕದಲ್ಲಿ ನೀರಿನ ಪಾಲು ನೂರಕ್ಕೆ 20ರ ಒಳಗಿದ್ದರೆ ತೊಂದರೆ ಇಲ್ಲ. 28-30ರ ಹತ್ತಿರ ಹೋಗಿ ಅಲ್ಲೇ ನಿಂತರೆ ಕೊಳೆಸೋ ಶಿಲೀಂಧ್ರಕ್ಕೆ ಹಬ್ಬ.

ನೀರು ಒಳಗೆ ಹೋಗಿದ್ದು ಎಲ್ಲಿಂದ? ಗಾರೆ ಬಿರುಕಿನಿಂದ ಅಂತ ಹೆಚ್ಚಿನವರು ಊಹಿಸಿದ್ದರು. 1996ರಲ್ಲಿ ಕೆನಡಾದ ವಸತಿ ನಿಗಮಕ್ಕಾಗಿ ಎಂಜಿನಿಯರುಗಳು ಕರಾವಳಿಯ ಕಟ್ಟಡಗಳ ಸಮೀಕ್ಷೆ ಮಾಡಿದರು. ಹಾಳಾದ ಗೋಡೆ, ಹಾಳಾಗದ ಗೋಡೆ ಎರಡನ್ನೂ ನೋಡಿದರು. ಗೊತ್ತಾಗಿದ್ದು ಇದು: ನೀರಿನ ಬಹುಪಾಲು ಬಂದದ್ದು ಒಂದು ವಸ್ತು ಇನ್ನೊಂದನ್ನ ಸೇರೋ ಕಡೆ. ಕಿಟಕಿಯ ಕೆಳಮೂಲೆ, ಬಾಲ್ಕನಿ ಗೋಡೆಗೆ ತಾಗೋ ಜಾಗ, ಕೈಪಿಡಿ ಗೋಡೆಯ ತಲೆ, ಪೈಪು ಹೊರಗೆ ಬರೋ ತೂತು. ಅಲ್ಲೆಲ್ಲ ತಗಡಿನ ಪಟ್ಟಿ ಮಡಚಿ ನೀರನ್ನ ಹೊರಗೆ ತಿರುಗಿಸಬೇಕಿತ್ತು. ಅದರ ಬದಲು ಕೆಲವು ವರ್ಷ ಮಾತ್ರ ಬಾಳೋ ರಬ್ಬರಿನಂಥ ಸೀಲೆಂಟ್ ಒತ್ತಿ ಕೈತೊಳೆದುಕೊಂಡಿದ್ದರು. ಎರಡನೇ ಸಂಗತಿ ನನಗೆ ಇನ್ನೂ ಇಷ್ಟ. ಸೂರಿನ ಅಗಲ ಹೆಚ್ಚಿದಷ್ಟೂ ಹಾಳಾದ ಗೋಡೆಗಳ ಪಾಲು ಇಳಿದಿತ್ತು. ಸೂರೇ ಇಲ್ಲದ ಗೋಡೆಗಳು ಎಲ್ಲಕ್ಕಿಂತ ಹೆಚ್ಚು ಕೆಟ್ಟಿದ್ದವು. ನಮ್ಮ ಅಜ್ಜಂದಿರು ಎರಡು ಮೊಳ ಸೂರು ಬಿಡ್ತಿದ್ದದ್ದು ಅಂದಕ್ಕಲ್ಲ ಅನ್ನೋದನ್ನ ಅಳತೆ ಮಾಡಿ ಹೇಳಿದ ಹಾಗಾಯ್ತು.

ಇಷ್ಟು ಗೋಡೆಯ ಕಥೆ. ಮನೆಯವರ ಕಥೆ ಬೇರೆ. ಈ ಫ್ಲ್ಯಾಟುಗಳನ್ನ ಕೊಂಡವರಲ್ಲಿ ಬಹಳ ಮಂದಿ ಮೊದಲ ಸಲ ಮನೆ ಕೊಂಡ ಯುವಕರು, ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಬಂದ ನಿವೃತ್ತರು. ಹೊರಗೋಡೆ ಎಲ್ಲರಿಗೂ ಸೇರಿದ್ದು, ಹಾಗಾಗಿ ರಿಪೇರಿ ಖರ್ಚು ಎಲ್ಲರ ತಲೆಗೆ ಹಂಚಿಕೆ. ಒಂದೊಂದು ಮನೆಗೆ ಹತ್ತಾರು ಸಾವಿರ ಡಾಲರ್ ಬಿತ್ತು. ಮನೆ ಮಾರೋಣ ಅಂದರೆ ಟಾರ್ಪಾಲು ಹೊದ್ದ ಕಟ್ಟಡದಲ್ಲಿ ಯಾರು ಕೊಳ್ತಾರೆ? ಕಟ್ಟಿದವರನ್ನ ಕೇಳೋಣ ಅಂದರೆ ಒಂದೊಂದು ಕಟ್ಟಡಕ್ಕೆ ಒಂದೊಂದು ಕಂಪನಿ ನೋಂದಾಯಿಸಿ, ಮನೆಗಳು ಮಾರಿಹೋದ ಕೂಡಲೇ ಅದನ್ನ ಮುಚ್ಚಿದ್ದರು. ಕೋರ್ಟಿನಲ್ಲಿ ನಿಲ್ಲಿಸೋಕೆ ಎದುರಾಳಿಯೇ ಇಲ್ಲ. ಹೊಸ ಮನೆಗಳಿಗೆ ವಾರಂಟಿ ಕೊಡ್ತಿದ್ದ ಉದ್ಯಮದವರದೇ ಸಂಸ್ಥೆ ಹಕ್ಕುದಾರರ ಭಾರ ತಾಳಲಾರದೆ ದಶಕದ ಕೊನೆಗೆ ಮುಳುಗಿತು. ನಗರಸಭೆಯ ಇನ್‌ಸ್ಪೆಕ್ಟರುಗಳು ನಕ್ಷೆಗೆ ಸಹಿ ಹಾಕಿದ್ದರು, ವಾಸ್ತುಶಿಲ್ಪಿಗಳೂ ಹಾಕಿದ್ದರು. ಎಲ್ಲರ ಸಹಿಯೂ ಇತ್ತು, ಹೊಣೆ ಯಾರದೂ ಇರಲಿಲ್ಲ.

1998ರಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರ ಒಂದು ವಿಚಾರಣಾ ಆಯೋಗ ನೇಮಿಸಿತು. ಮುಖ್ಯಸ್ಥರು ಡೇವ್ ಬ್ಯಾರೆಟ್, 1970ರ ದಶಕದಲ್ಲಿ ಆ ಪ್ರಾಂತ್ಯದ ಪ್ರೀಮಿಯರ್ ಆಗಿದ್ದವರು. ನಮ್ಮ ಲೆಕ್ಕದಲ್ಲಿ ಮಾಜಿ ಮುಖ್ಯಮಂತ್ರಿ. ಆಯೋಗ ಮನೆಯವರ ಅಹವಾಲನ್ನ ಬಹಿರಂಗವಾಗಿ ಕೇಳಿತು. ಅದೇ ವರ್ಷ ಮನೆ ಮಾಲೀಕರ ರಕ್ಷಣಾ ಕಾಯ್ದೆ ಬಂತು. ಬಿಲ್ಡರ್‌ಗೆ ಪರವಾನಗಿ ಕಡ್ಡಾಯ. ಹೊಸ ಮನೆಗೆ ವಿಮೆಯ ಬೆಂಬಲದ ವಾರಂಟಿ ಕಡ್ಡಾಯ: ಕೆಲಸ ಮತ್ತು ಸಾಮಗ್ರಿಗೆ 2 ವರ್ಷ, ಹೊರಗೋಡೆಯಿಂದ ನೀರು ಬರದಂತೆ 5 ವರ್ಷ, ಕಟ್ಟಡದ ಮೂಲ ರಚನೆಗೆ 10 ವರ್ಷ. ಹಳೆಯ ಮನೆಯವರಿಗೆ ಬಡ್ಡಿಯಿಲ್ಲದ ರಿಪೇರಿ ಸಾಲದ ಯೋಜನೆ ಬಂತು, ಅದು 2009ರಲ್ಲಿ ನಿಂತಿತು. ಸಾಲ ಅಂದರೆ ಸಾಲವೇ. ಮನೆಯವರು ಒಂದೇ ಗೋಡೆಗೆ ಎರಡು ಸಲ ದುಡ್ಡು ಕೊಟ್ಟರು.

ಈ ಕಥೆಯಲ್ಲಿ ಹೊಟ್ಟೆ ಉರಿಸೋ ಭಾಗ ಒಂದಿದೆ. ಇದಕ್ಕೆ ಮದ್ದು ಆಗಲೇ ಗೊತ್ತಿತ್ತು, ಅದೂ ಕೆನಡಾದಲ್ಲೇ. 1963ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಕಟ್ಟಡ ಕಟ್ಟುವವರಿಗಾಗಿ ಹೊರತರ್ತಿದ್ದ ಕಿರುಹೊತ್ತಗೆಗಳಲ್ಲಿ ಜಿ. ಕೆ. ಗಾರ್ಡನ್ ಅನ್ನೋವ್ರು ಮಳೆನೀರಿನ ಬಗ್ಗೆ ಒಂದು ಬರೆದರು. ಅವರ ತರ್ಕ ಸರಳ. ನೀರು ಗೋಡೆಯೊಳಗೆ ಹೋಗೋಕೆ ಮೂರು ಬೇಕು: ಮೇಲೆ ನೀರಿರಬೇಕು, ತೂತಿರಬೇಕು, ಒಳಗೆ ತಳ್ಳೋ ಬಲ ಇರಬೇಕು. ನೀರು ಬೀಳೋದನ್ನ ಪೂರ್ತಿ ತಡೆಯೋಕಾಗಲ್ಲ. ತೂತೇ ಇಲ್ಲದ ಗೋಡೆ ಕಟ್ಟಿ ಅದನ್ನ ಹಾಗೇ ಇಟ್ಟುಕೊಳ್ಳೋದೂ ಆಗಲ್ಲ. ಹಾಗಾದರೆ ಬಲವನ್ನ ತೆಗೀರಿ. ಹೊರಗಿನ ಹೊದಿಕೆಯ ಹಿಂದೆ ಗಾಳಿಗೆ ಜಾಗ ಬಿಡಿ, ಆ ಜಾಗ ಹೊರಗಡೆಗೆ ತೆರೆದಿರಲಿ. ಆಗ ಹೊದಿಕೆಯ ಎರಡೂ ಬದಿಗೆ ಗಾಳಿಯ ಒತ್ತಡ ಸಮ ಆಗುತ್ತೆ, ನೀರನ್ನ ಒಳಗೆ ತಳ್ಳೋರು ಇರಲ್ಲ. ತಪ್ಪಿ ಬಂದ ಹನಿ ಹೊದಿಕೆಯ ಹಿಂಬದಿಯಲ್ಲೇ ಇಳಿದು ಕೆಳಗೆ ಹೊರಗೆ ಹೋಗುತ್ತೆ. ಇದಕ್ಕೆ ರೇನ್‌ಸ್ಕ್ರೀನ್ ಅಂತ ಹೆಸರು.

ಮಲೆನಾಡು, ಕರಾವಳಿಯ ಕೇಳುಗರಿಗೆ ಇದನ್ನ ಬಿಡಿಸಿ ಹೇಳಬೇಕಾ? ಮಳೆಗಾಲಕ್ಕೆ ಮುಂಚೆ ಎರಚಲು ಬಡಿಯೋ ಬದಿಗೆ ಅಡಿಕೆ ಸೋಗೆಯದ್ದೋ ತೆಂಗಿನ ಮಡಲಿನದ್ದೋ ತಟ್ಟಿ ಕಟ್ತಿದ್ದರಲ್ಲ, ಅದು ಗೋಡೆಗೆ ಅಂಟಿಕೊಂಡಿರೋದಿಲ್ಲ. ನಡುವೆ ಜಾಗ ಇರುತ್ತೆ. ತಟ್ಟಿಯ ತುಂಬ ತೂತು, ಆದರೂ ಹಿಂದಿನ ಮಣ್ಣಿನ ಗೋಡೆ ಕರಗೋದಿಲ್ಲ. ಮಳೆಯ ಹೊಡೆತವನ್ನ ತಟ್ಟಿ ತಿನ್ನುತ್ತೆ, ಉಳಿದದ್ದನ್ನ ಗಾಳಿ ಒಣಗಿಸುತ್ತೆ. ಇದನ್ನ ನೋಡಿ ಕೆನಡಾದವರು ಕಲಿತರು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ವಾಟ್ಸ್ಯಾಪ್‌ನಲ್ಲಿ ಹಾಗೆ ಕಳಿಸಬೇಡಿ! ಎರಡು ಊರಿನ ಮಳೆ ಎರಡು ಕಡೆಯವರಿಗೂ ಒಂದೇ ಪಾಠ ಹೇಳಿದೆ ಅಷ್ಟೇ.

1996ರಿಂದ ವ್ಯಾಂಕೂವರ್ ನಗರಸಭೆ ಗಾರೆ ಗೋಡೆಗಳ ಹಿಂದೆ ಈ ಜಾಗ ಬಿಡೋದನ್ನ ಕೇಳತೊಡಗಿತು. ಕಾಗದದ ಮೇಲೆ ನಿಲುವಾಗಿ ರೀಪು ಬಡೀತಾರೆ, ರೀಪಿನ ಮೇಲೆ ಸೈಡಿಂಗ್. ನಡುವಿನ ಜಾಗ ಒಂದರಿಂದ ಎರಡು ಸೆಂಟಿಮೀಟರ್, ನಮ್ಮ ಬೆರಳಿನ ದಪ್ಪ. ಅಲ್ಲಿನ ಎಂಜಿನಿಯರುಗಳು ಈಗ ನಾಲ್ಕು ಮಾತು ಕಲಿಸ್ತಾರೆ, ಆ ಕ್ರಮದಲ್ಲೇ: ಸೂರು ಮತ್ತು ತಗಡಿನಿಂದ ನೀರನ್ನ ಆಚೆ ತಿರುಗಿಸು, ಒಳಬಂದದ್ದನ್ನ ಹರಿದುಹೋಗಲು ಬಿಡು, ಉಳಿದದ್ದನ್ನ ಒಣಗಲು ಬಿಡು, ಆಮೇಲೆ ಬಾಳಿಕೆ ಬರೋ ವಸ್ತು ಹಾಕು. ನಾವು ಅಂಗಡಿಯಲ್ಲಿ ಮೊದಲು ಕೇಳೋ ಪ್ರಶ್ನೆ, ಯಾವುದು ಗಟ್ಟಿ ಅನ್ನೋದು, ಅವರ ಪಟ್ಟಿಯಲ್ಲಿ ಕೊನೇದು.

ಇದು ಒಂದೇ ಊರಿನ ಗ್ರಹಚಾರವಾಗಿದ್ದರೆ ಇಷ್ಟು ಹೇಳ್ತಿರಲಿಲ್ಲ. 1995ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ಥರ್ಮಾಕೋಲಿನಂಥ ಹಲಗೆಯ ಮೇಲೆ ತೆಳು ಗಾರೆ ಬಳಿದ ಮನೆಗಳನ್ನ ಪರೀಕ್ಷಿಸಿದರು. ಬಹುಪಾಲು ಮನೆಗಳ ಗೋಡೆಯೊಳಗೆ ನೀರು. ಆಮೇಲೆ ನ್ಯೂಜಿಲೆಂಡ್. ಅಲ್ಲಿ 1990ರ ದಶಕದಲ್ಲಿ ಅದೇ ಮೆಡಿಟರೇನಿಯನ್ ಮೋಹ, ಅದೇ ಸೂರಿಲ್ಲದ ಗೋಡೆ. ಸಾಲದ್ದಕ್ಕೆ ಔಷಧಿ ಹಾಕದ ಪೈನ್ ಮರ ಬಳಸೋಕೂ ಅನುಮತಿ ಸಿಕ್ಕಿತ್ತು. 2009ರ ಒಂದು ಅಂದಾಜಿನಲ್ಲಿ 42,000 ಮನೆ, 1,130 ಕೋಟಿ ನ್ಯೂಜಿಲೆಂಡ್ ಡಾಲರ್. ವ್ಯಾಂಕೂವರ್‌ನ ವರದಿ 1998ರಲ್ಲೇ ಇಂಗ್ಲಿಷಿನಲ್ಲೇ ಅಚ್ಚಾಗಿತ್ತು. ಓದಲು ಭಾಷೆಯ ತೊಡಕೂ ಇರಲಿಲ್ಲ.

ಸರಿ, ಸಿಯಾಟಲ್‌ನಲ್ಲೋ ಟೊರೊಂಟೊದಲ್ಲೋ ಇದ್ದುಕೊಂಡು ಇದನ್ನ ಕೇಳ್ತಿರೋ ನಮ್ಮವರು ಕೇಳಬಹುದು: ಹಾಗಾದರೆ ನಮ್ಮ ಮನೆಗೆ ಯಾವ ಸೈಡಿಂಗ್ ಹಾಕಿಸೋಣ? ಚರಿತ್ರೆ ಕೊಡೋ ಉತ್ತರ, ಯಾವುದಾದರೂ ಆಗುತ್ತೆ, ಹಾಕೋ ಕೈ ಸರಿಯಿರಬೇಕು. ವಿನೈಲ್ ಅಗ್ಗ. ಬಿಸಿಲಿಗೆ ಹಿಗ್ಗುತ್ತೆ, 12 ಅಡಿ ಪಟ್ಟಿ ಬೇಸಿಗೆ-ಚಳಿಗಾಲದ ನಡುವೆ ಅರ್ಧ ಇಂಚಿನಷ್ಟು ಓಡಾಡುತ್ತೆ. ಅದಕ್ಕೇ ಮೊಳೆಯ ತೂತು ಉದ್ದುದ್ದ ಇರೋದು. ಮೊಳೆ ತೂತಿನ ನಡುವೆ ಕೂರಬೇಕು, ತಲೆ ಪೂರ್ತಿ ಬಿಗಿಯಬಾರದು, ಪಟ್ಟಿ ಹ್ಯಾಂಗರಿನ ಅಂಗಿಯ ಹಾಗೆ ತೂಗ್ತಿರಬೇಕು. ಬಿಗಿದರೆ ಮುಂದಿನ ಬೇಸಿಗೆಗೆ ಗೋಡೆ ಹಪ್ಪಳದ ಹಾಗೆ ಅಲೆ ಅಲೆ. ಫೈಬರ್ ಸಿಮೆಂಟ್ ಹಲಗೆ ಹಳೆಯ ಹಾಟ್‌ಶೆಕ್ ಹಾಳೆಯ ಮೊಮ್ಮಗ, ಕಲ್ನಾರಿನ ಜಾಗದಲ್ಲಿ ಮರದ ನಾರು. ಬೆಂಕಿ, ಗೆದ್ದಲು ಎರಡಕ್ಕೂ ಹೆದರಲ್ಲ. ಆದರೆ ಕತ್ತರಿಸಿದ ಅಂಚಿಗೆ ಬಣ್ಣ ಹಚ್ಚಲೇಬೇಕು, ನೆಲದಿಂದ ಆರು ಇಂಚಾದರೂ ಮೇಲಿರಬೇಕು, ಇಲ್ಲದಿದ್ದರೆ ಅಂಚು ನೀರು ಹೀರಿ ಉಬ್ಬುತ್ತೆ. ಕತ್ತರಿಸುವಾಗ ಏಳೋ ಸಿಲಿಕಾ ಧೂಳು ಶ್ವಾಸಕೋಶಕ್ಕೆ ವಿಷ, ಕೆಲಸದವರಿಗೆ ಮಾಸ್ಕ್ ಇದೆಯಾ ನೋಡಿ. ಸೀಡರ್ ಮರಕ್ಕೆ ಹಿಂಬದಿಗೂ ಬಣ್ಣ ಬೇಕು, ಕಾಣದ ಬದಿ ಅಂತ ಬಿಡಬಾರದು.

ಹೊರಗೆ ಏನೇ ಇರಲಿ, ಕೆಲಸ ನಡೀವಾಗ ಹೋಗಿ ನೋಡಬೇಕಾದ್ದು ಸೈಡಿಂಗ್ ಏರೋದಕ್ಕೆ ಮುಂಚಿನ ದಿನ. ಕಾಗದ ಕೆಳಗಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ, ಮೇಲಿನದು ಕೆಳಗಿನದರ ಮೇಲೆ ಬಂದಿದೆಯಾ? ಕಿಟಕಿಯ ತಲೆಯ ಮೇಲಿನ ತಗಡು ಕಾಗದದ ಹಿಂದಕ್ಕೆ ಹೋಗಿದೆಯಾ, ಇಲ್ಲಾ ಮುಂದೆ ಅಂಟಿಸಿ ಬಿಟ್ಟಿದ್ದಾರಾ? ಮಾಡಿನ ಅಂಚು ಗೋಡೆಗೆ ತಾಗಿ ಮುಗಿಯೋ ಮೂಲೆಯಲ್ಲಿ ನೀರನ್ನ ಆಚೆ ಒದೆಯೋ ಪುಟ್ಟ ತಗಡು ಇದೆಯಾ? ಇನ್ನೊಂದು, ಸೈಡಿಂಗ್‌ನ ಕೆಳ ಅಂಚಿನ ಸಂದನ್ನ ಚೆನ್ನಾಗಿ ಕಾಣಲಿ ಅಂತ ಸೀಲೆಂಟ್ ಹಾಕಿ ಮುಚ್ಚೋ ಶ್ರದ್ಧಾವಂತರು ಇರ್ತಾರೆ. ಅದು ನೀರು ಹೊರಗೆ ಬರೋ ಬಾಗಿಲು, ಹುಳ ಬರದ ಹಾಗೆ ಜಾಲಿ ಸಾಕು.

ಈ ಜಾಗಕ್ಕೂ ಒಂದು ಅಪಾಯ ಇದೆ, ಹೇಳದೆ ಮುಂದೆ ಹೋಗಬಾರದು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ ಬೆಂಕಿ ಹೊರಗೋಡೆಯ ಹೊದಿಕೆಗೆ ಹತ್ತಿ ಇಡೀ ಕಟ್ಟಡ ಏರಿತು, 72 ಜನ ಸತ್ತರು. ಹೊದಿಕೆ ಅಲ್ಯೂಮಿನಿಯಂ ತಗಡಿನ ನಡುವೆ ಉರಿಯೋ ಪಾಲಿಥಿಲೀನ್ ತುಂಬಿದ್ದು, ಹಿಂದಿನ ಗಾಳಿಜಾಗ ಬೆಂಕಿಗೆ ಚಿಮಣಿಯಾಯ್ತು, ನಡುನಡುವೆ ಇರಬೇಕಿದ್ದ ತಡೆಗಳು ಸರಿಯಾಗಿ ಕೂತಿರಲಿಲ್ಲ. ಬಹುಮಹಡಿ ಕಟ್ಟಡಕ್ಕೆ ಇಂಥ ಹೊದಿಕೆ ಹಾಕುವಾಗ ಎರಡು ಪ್ರಶ್ನೆ ಕೇಳಲೇಬೇಕು: ಒಳಗಿನ ತಿರುಳು ಉರಿಯುತ್ತಾ, ಮಹಡಿ ಮಹಡಿಗೆ ಬೆಂಕಿತಡೆ ಇದೆಯಾ. ಬೆಂಗಳೂರಿನ ಹೊಳೆಯೋ ಮುಖದ ಕಟ್ಟಡಗಳಲ್ಲಿ ಕೂತು ಕೆಲಸ ಮಾಡೋ ನಾವೂ ಕೇಳಬಹುದು.

ವ್ಯಾಂಕೂವರ್‌ನಲ್ಲಿ ಇವತ್ತು ಹಳೆಯ ಫ್ಲ್ಯಾಟ್ ಮಾರಾಟಕ್ಕಿದೆ ಅನ್ನೋ ಜಾಹೀರಾತು ತೆರೆದು ನೋಡಿ. ಎಷ್ಟು ಕೋಣೆ, ಯಾವ ಮಹಡಿ, ಎಷ್ಟು ಬೆಲೆ ಅನ್ನೋದರ ಜೊತೆಗೆ ಬಹಳ ಸಲ ಒಂದು ಪದ ಇರುತ್ತೆ: ರೇನ್‌ಸ್ಕ್ರೀನ್ಡ್. ಗಿಲಾವು ಕಿತ್ತು, ಕುಂಬಾದ ಮರ ತೆಗೆದು, ರೀಪು ಬಡಿದು, ಆ ಬೆರಳಿನಷ್ಟು ಜಾಗ ಬಿಟ್ಟು ಮತ್ತೆ ಗೋಡೆ ಕಟ್ಟಿದ್ದಾರೆ ಅಂತ ಅದರ ಅರ್ಥ. ಆ ಪದ ಇಲ್ಲದಿದ್ದರೆ ಕೊಳ್ಳೋಕೆ ಬಂದವರು ಮೊದಲು ಕೇಳೋದು ಕಟ್ಟಡ ಯಾವ ವರ್ಷದ್ದು ಅಂತ.